ಕೈಮರ ಬಿತ್ತು, ಗಾಡಿ ಹೊರಟಿತು

ನಿವೃತ್ತಿ ಎಂಬುದು ಸಂಬಳಕ್ಕೆ ಆಗುತ್ತದೆಯೇ ಹೊರತು ಕೈಕಾಲುಗಳಿಗೆ ಆಗುವುದಿಲ್ಲ. ಸ್ಟೇಷನ್ ಮಾಸ್ತರಿಕೆ ಮುಗಿಸಿ ವಡೋದರಾದ ಗೋರ್ವಾದಲ್ಲಿ ಮನೆ ಮಾಡಿದ್ದೇನೆ. ಇಂದಿಗೂ ಹಾಲಿನವನು ತಡಮಾಡಿದರೆ ಗೇಟಿನಲ್ಲಿ ನಿಂತು ಕಾರಣ ಕೇಳುತ್ತೇನೆ. ಅವನು ಹೆದರುವುದಿಲ್ಲ, ಅದು ಬೇರೆ ಮಾತು.

ಊರಾಚೆಯ ಸಣ್ಣ ಸ್ಟೇಷನ್ನಿನಲ್ಲಿ ಹಳೆಯ ಕೈಮರಗಳನ್ನು ಕಿತ್ತು ದೀಪದ ಸಿಗ್ನಲ್ ಹಾಕುತ್ತಾರೆಂಬ ಸುದ್ದಿ ಬಂದಾಗ ನನಗೆ ಊಟ ಸೇರಲಿಲ್ಲ. ಎತ್ತರದ ಕಂಬ, ಅದರ ತುದಿಯಲ್ಲಿ ಕೆಂಪು ಕೈ. ಅಡ್ಡ ಚಾಚಿದ್ದರೆ ನಿಲ್ಲು, ಕೆಳಗೆ ಬಾಗಿದರೆ ಹೋಗು. ಇಷ್ಟು ಸ್ಪಷ್ಟವಾಗಿ ಮಾತಾಡುವವರು ನಮ್ಮ ಬಂಧುಗಳಲ್ಲಿ ಯಾರೂ ಇಲ್ಲ. ಕೀಳುವ ಮುಂಚೆ ಒಮ್ಮೆ ನೋಡಲೇಬೇಕು! ಆದರೆ ಸಿಕ್ಕಿದ್ದು ಒಂದೇ ಭಾನುವಾರ, ಅಂದೇ ಸಂಜೆ ಮಗಳು ವಿದ್ಯಾಳನ್ನು ಮೆಚ್ಚಿದ ಹುಡುಗನ ತಂದೆತಾಯಿ ಸೂರತ್ತಿನ ಕತಾರ್‌ಗಾಮ್‌ನಿಂದ ಮೊದಲ ಸಲ ನಮ್ಮ ಮನೆಗೆ ಬರುವವರಿದ್ದರು.

"ಮಧ್ಯಾಹ್ನದ ಗಾಡಿಗೆ ವಾಪಸು ಬಂದುಬಿಡುತ್ತೇನೆ" ಎಂದೆ.

"ನಿಮ್ಮನ್ನೊಬ್ಬರನ್ನೇ ಕಳಿಸಿದರೆ ಬಂದ ಹಾಗೇ! ನಾನೂ ಬರ್ತೀನಿ, ಹಿಡಿದು ತರೋದಕ್ಕೆ" ಎಂದಳು ನನ್ನ ಹೆಂಡತಿ ಸುಮಿತ್ರಾ. ಹೀಗೆ ನಾನು ಕಾವಲಿನೊಡನೆ ಹೊರಟೆ.

ಅಲ್ಲಿನ ಮಾಸ್ತರ ಪರಮಾರ್ ಎಂಬ ತರುಣ. ನನ್ನ ಪೂರ್ವೋತ್ತರ ಕೇಳಿ, "ಕಾಕಾ, ಲಿವರ್ ನೀವೇ ಎಳೆಯಿರಿ" ಎಂದ. ಕೈ ತುರಿಸಿತು. ಆದರೂ, "ಡ್ಯೂಟಿಯಲ್ಲಿ ಇಲ್ಲದವನು ಲಿವರ್ ಮುಟ್ಟಬಾರದಪ್ಪ" ಎಂದು ಗಂಭೀರವಾಗಿ ಹಿಂದೆ ಸರಿದೆ. ಸುಮಿತ್ರಾ ಮುಖ ತಿರುಗಿಸಿ ನಕ್ಕಳು. ಪರಮಾರ್ ಲಿವರ್ ಎಳೆದದ್ದೇ ತಡ, ಹಳಿಯ ಪಕ್ಕದ ತಂತಿ ಝಣಝಣ ಓಡಿತು, ದೂರದಲ್ಲಿ ಕೆಂಪು ಕೈ ಧಡಕ್ಕೆಂದು ಬಾಗಿತು. "ಬಿತ್ತು! ನೋಡೇ, ಬಿತ್ತು!" ಎಂದು ನಾನು ಕೂಗಿದ ರಭಸಕ್ಕೆ ಬೆಂಚಿನ ಮೇಲೆ ಮಲಗಿದ್ದವರೊಬ್ಬರು ಎದ್ದು ಕೂತು, ಯಾರು ಬಿದ್ದರೆಂದು ಗಾಬರಿಯಿಂದ ಸುತ್ತ ನೋಡಿದರು.

ಗಾಡಿ ಬಂತು. ಸುಮಿತ್ರಾ ಹತ್ತಿ ನನಗೂ ಜಾಗ ಹಿಡಿದಳು. "ರೀ, ಹತ್ತಿ!" ಎಂದಳು. "ಹೊರಡುವ ಕೈಮರ ಬೀಳಲಿ, ನೋಡಿ ಹತ್ತುತ್ತೇನೆ" ಎಂದೆ. ಅದೂ ಬಿತ್ತು, ಎಂಥ ಅಂದವಾಗಿ ಬಿತ್ತು! ಅಷ್ಟರಲ್ಲಿ ಕೋಣೆಯ ಫೋನು ಹೊಡೆದುಕೊಂಡಿತು, ಪರಮಾರ್ ಒಳಗೆ ಓಡಿದ. ಗಾಡಿ ಕದಲಿತು. ಹಿಂದಿನ ಡಬ್ಬಿಯಿಂದ ಗಾರ್ಡು ಹಸಿರು ಬಾವುಟ ತೋರಿಸಿದ. ಸ್ಟೇಷನ್ನಿನಿಂದ ಉತ್ತರ ಕೊಡಲು ಒಬ್ಬರೂ ಇಲ್ಲ! ಇದು ಸಾಧ್ಯವೇ? ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಕೈ ತಾನಾಗಿ ಮೇಲೆದ್ದಿತು. ಕಿಟಕಿಯೊಂದರಲ್ಲಿ ಯಾರೋ ಜೋರಾಗಿ ಕೈ ಬೀಸುತ್ತಿದ್ದರು, ಗಮನಿಸಲಿಲ್ಲ. ಕೊನೆಯ ಡಬ್ಬಿಯ ಹಿಂದಿನ ಗುರುತು ಕಾಣುವವರೆಗೆ ಕದಲದೆ ನಿಂತು, ಗಾಡಿ ಪೂರ್ತಿ ದಾಟಿತೆಂದು ಖಚಿತಪಡಿಸಿಕೊಂಡೆ. ಆಮೇಲೆ ಹೊಳೆಯಿತು, ನಾನೊಬ್ಬ ಅದರಲ್ಲಿ ಇಲ್ಲ ಎಂದು.

ಮೊಬೈಲು ಬಡಿದುಕೊಂಡಿತು. "ಎಲ್ಲಿದ್ದೀರಿ?"

"ಪ್ಲಾಟ್‌ಫಾರಂ ಮೇಲೆ. ಗಾಡಿ ಕಳಿಸಬೇಕಿತ್ತಲ್ಲ."

"ಕಳಿಸಿದಿರಲ್ಲ, ನನ್ನನ್ನೂ ಸೇರಿಸಿ! ಬೀಗರಿಗೆ ಏನಂತ ಹೇಳಲಿ?"

ಅದು ದಿನದ ಕೊನೆಯ ಗಾಡಿ. ಪರಮಾರ್ ಹಾಲಿನ ಟೆಂಪೊ ಹತ್ತಿಸಿದ. ಕ್ಯಾನುಗಳ ನಡುವೆ ಕುಲುಕುತ್ತ ನನಗೆ ಒಂದೇ ಚಿಂತೆ: ಹೆಂಡತಿಯನ್ನು ರೈಲಿಗೆ ಹಾಕಿ ತಾನು ಉಳಿದವನ ಮನೆಯಿಂದ ಯಾರು ಹೆಣ್ಣು ತರುತ್ತಾರೆ? ವಿದ್ಯಾಳ ಮುಖ ಕಣ್ಣೆದುರು ಬಂತು.

ಬಾಗಿಲು ತಳ್ಳಿದರೆ ಒಳಗೆ ನಗುವೋ ನಗು. ಸುಮಿತ್ರಾ ಎಲ್ಲವನ್ನೂ ಅಭಿನಯಸಹಿತ ಹೇಳಿಬಿಟ್ಟಿದ್ದಳು. ಹುಡುಗನ ತಂದೆ ಕಣ್ಣೊರೆಸಿಕೊಳ್ಳುತ್ತ ಹಿಂದಿಯಲ್ಲಿ ಹೇಳಿದರು: "ತಾವು ಉಳಿದರೂ ಗಾಡಿಯನ್ನು ಹೊತ್ತಿಗೆ ಸರಿಯಾಗಿ ಕಳಿಸಿದವರು, ಮುಹೂರ್ತ ತಪ್ಪಿಸುವವರಲ್ಲ. ನಮಗೆ ಒಪ್ಪಿಗೆ." ವಿದ್ಯಾ ಎಲ್ಲರೆದುರು ನನ್ನನ್ನು ತಬ್ಬಿಕೊಂಡಳು, ನನ್ನ ಅಂಗಿಯೆಲ್ಲ ಹಾಲಿನ ವಾಸನೆ ಎಂಬುದನ್ನೂ ಲೆಕ್ಕಿಸದೆ.

ಮದುವೆ ಸೂರತ್ತಿನಲ್ಲಿ. ಹೋಗುವ ಏರ್ಪಾಡೆಲ್ಲ ನನ್ನದೇ ಎಂದು ಹುರುಪಿನಿಂದ ವೇಳಾಪಟ್ಟಿ ಬಿಚ್ಚಿ ಕೂತಿದ್ದೆ. ಸುಮಿತ್ರಾ ಬಂದು ಅದನ್ನು ಮೆಲ್ಲಗೆ ಮಡಿಸಿಟ್ಟಳು. ಮನೆಮಂದಿಯೆಲ್ಲ ಬಸ್ಸಿನಲ್ಲಿ ಹೋಗುತ್ತಿದ್ದೇವೆ. ನನ್ನನ್ನು ಮೊದಲು ಹತ್ತಿಸುತ್ತಾರಂತೆ.