ಸಂಘದ ಪಾಠ ಹೇಳಲು ಹೋದಾಗ

ನಾನು ಒಂದು ಪಾಠ ಹೇಳಿಕೊಡುತ್ತೇನೆ, ಕೇಳಿದವರು ಇನ್ನೊಂದು ಕಲಿತುಕೊಂಡು ಹೋಗುತ್ತಾರೆ. ತಿಂಗಳಿಗೆ ಒಂದು ಸಲವಾದರೂ ಹೀಗೆ ಆಗುತ್ತಲೇ ಇರುತ್ತದೆ. ಮೊದಮೊದಲು ಬೇಜಾರಾಗುತ್ತಿತ್ತು, ಈಗ ಮನೆಗೆ ಬರುವ ಬಸ್ಸಿನಲ್ಲಿ ಒಬ್ಬಳೇ ನಗುತ್ತೇನೆ.

ಹನ್ನೆರಡು ವರ್ಷ ಹುಣಸೂರಿನ ಒಂದು ಶೆಡ್ಡಿನಲ್ಲಿ ಹೊಗೆಸೊಪ್ಪು ವಿಂಗಡಿಸುತ್ತಿದ್ದೆ. ಅಲ್ಲಿ ಕುಡಿಯುವ ನೀರಿಗಾಗಿ ನಾವು ಒಂದಷ್ಟು ಹೆಂಗಸರು ಒಟ್ಟಾಗಿ ಹೋಗಿ ಕೇಳಿ ಪಡೆದದ್ದು ಕೆಲಸಗಾರರ ಸಂಘದವರ ಕಿವಿಗೆ ಬಿತ್ತು. "ಹೆಂಗೆ ಮಾಡಿದ್ರಿ ಅಂತ ಬೇರೆಯೋರಿಗೂ ಹೇಳಿಕೊಡಮ್ಮ" ಅಂತ ತರಬೇತಿ ಕೊಡುವ ಕೆಲಸಕ್ಕೆ ಹಾಕಿದರು. ಅಂದಿನಿಂದ ಒಂದು ಸುರುಳಿ ಚಾರ್ಟು, ನಾಲ್ಕು ಸ್ಕೆಚ್ ಪೆನ್ನು ಹಿಡಿದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ಸುತ್ತುತ್ತಿದ್ದೇನೆ.

ಮ್ಯಾನೇಜರ್ ಕುರ್ಚಿ

ನನ್ನ ಮೊದಲ ತರಗತಿ ಹುಣಸೂರಿನಲ್ಲೇ, ನನ್ನ ಹಳೇ ಗೆಳತಿಯರಿಗೇ. ಮ್ಯಾನೇಜರ್ ಎದುರು ಮಾತಾಡುವ ಭಯ ಹೋಗಲಿ ಅಂತ ಒಂದು ಸಣ್ಣ ನಾಟಕ ಮಾಡಿಸುತ್ತೇವೆ. ಒಬ್ಬಳು ಮ್ಯಾನೇಜರ್, ಐವರು ಕೆಲಸದವರು. ಅವರು ಧೂಳಿಗೆ ಮಾಸ್ಕ್ ಕೇಳಬೇಕು. ಮ್ಯಾನೇಜರ್ ಮೊದಲು ಆಗಲ್ಲ ಅನ್ನಬೇಕು, ಕೊನೆಗೆ ಒಪ್ಪಬೇಕು.

ಹನಗೋಡಿನಿಂದ ಬರುವ ಒಬ್ಬಳಿದ್ದಳು. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸಿದ್ದರೂ ಅವಳ ದನಿ ನಾನು ಸರಿಯಾಗಿ ಕೇಳಿರಲಿಲ್ಲ. ಧೈರ್ಯ ಬರಲಿ ಅಂತ ಅವಳನ್ನೇ ಮ್ಯಾನೇಜರ್ ಮಾಡಿ ಕುರ್ಚಿ ಮೇಲೆ ಕೂರಿಸಿದೆ. ಕೂತಳು, ಕಾಲ ಮೇಲೆ ಕಾಲು ಹಾಕಿದಳು.

"ಏನಮ್ಮ, ಕೆಲಸ ಬುಟ್ಟು ಗುಂಪು ಕಟ್ಕಂಡ್ ಬಂದಿದ್ದೀರಿ?"

"ಧೂಳು ಸಾ. ಕೆಮ್ಮು ಬತ್ತೈತೆ."

"ಮನೇಲಿ ಒಲೆ ಮುಂದೆ ಕೂತಾಗ ಬರಲ್ವಾ? ಅಲ್ಲಿ ಯಾರ್ನ ಕೇಳ್ತೀರಿ?"

ಐವರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ಬರ್ದು ಕೊಡಿ, ಮೇಲಕ್ಕೆ ಕಳುಸ್ತೀನಿ. ಈಗ ಓಗಿ."

ಐವರೂ ಹೋಗಿಯೇಬಿಟ್ಟರು. ಒಬ್ಬಳಂತೂ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಳು. ನಾನು ವಾಪಸ್ ಕರೆದು ಮೂರು ಸಲ ಆಡಿಸಿದೆ. ಮೂರು ಸಲವೂ ಸಂಘ ಸೋತಿತು. ಕೊನೆಗೆ ನಾನೇ ಅವಳ ಹತ್ತಿರ ಹೋಗಿ, "ಸಾಕು, ಈಗ ಒಪ್ಕೊಳ್ಳೆ. ನೀನೂ ಅವರ ಜೊತೆಯೋಳೇ ಅಲ್ವಾ? ನಿಂಗೂ ಮಾಸ್ಕ್ ಬೇಡ್ವಾ?" ಅಂದೆ.

"ಬೇಕು ಕಣಕ್ಕ," ಅಂದಳು ಕೂತಲ್ಲಿಂದಲೇ. "ಕುರ್ಚಿಯಿಂದ ಇಳುದ್ ಮ್ಯಾಲೆ ಕೇಳ್ತೀನಿ."

ಮುಂದಿನ ವಾರ ಎಲ್ಲರೂ ನಿಜವಾದ ಮ್ಯಾನೇಜರ್ ಹತ್ತಿರ ಹೋದಾಗ ಮುಂದೆ ನಿಂತವಳು ಅವಳೇ. ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ, "ಬರ್ದು ಕೊಡಿ ಅಂತೀರಿ, ತಗಳಿ, ಬರ್ದಿದ್ದೀವಿ" ಅಂತ ಕಾಗದ ಕೈಗಿಟ್ಟಳಂತೆ. ಒಲೆಯ ಮಾತು ಬಂದಾಗ ಅದಕ್ಕೂ ಉತ್ತರ ಇತ್ತು: "ಮನೆ ಒಲೆ ನಮ್ಮನ್ನ ಎಂಟು ಗಂಟೆ ಮುಂದೆ ಕೂರುಸ್ಕಳಲ್ಲ ಸಾ."

ಮಾಸ್ಕ್ ಬಂತು.

ಅಡುಗೆಯವರ ಸಭೆ

ಪಿರಿಯಾಪಟ್ಟಣದ ಕಡೆ ಶಾಲೆಗಳಲ್ಲಿ ಬಿಸಿಯೂಟ ಮಾಡುವ ಹೆಂಗಸರಿಗೆ ಪಾಠ. ಯಾರ ಮಾತು ಯಾರು ಕೇಳುತ್ತಾರೆ ಅಂತ ಚಾರ್ಟಿನ ಮೇಲೆ ಬಾಣ ಹಾಕಿಸಿದೆ. ಹೆಚ್ಚು ಬಾಣ ಯಾರ ಕಡೆಗೆ ಹೋಗುತ್ತದೋ ಅವರೇ ನಿಜವಾದ ಮುಂದಾಳು ಅನ್ನುವುದು ಪಾಠ. ಎಲ್ಲ ಹಳ್ಳಿಗಳ ಬಾಣವೂ ಒಬ್ಬರ ಕಡೆಗೇ ಹೋಯಿತು: ಗ್ಯಾಸ್ ಸಿಲಿಂಡರ್ ತರುವವನು. ಪ್ರತಿ ಶಾಲೆಯ ಅಡುಗೆಮನೆಗೂ ಹೋಗುವವನು ಅವನೊಬ್ಬನೇ. ಯಾವ ಶಾಲೆಯಲ್ಲಿ ಬೇಳೆ ಮುಗಿದಿದೆ, ಯಾರಿಗೆ ಸೊಂಟ ನೋವು, ಎಲ್ಲ ಅವನಿಗೆ ಗೊತ್ತು.

ಸರಿ, ಅವನ ಕೈಯಲ್ಲೇ ಸುದ್ದಿ ಕಳಿಸಿದೆವು: ಗುರುವಾರ ಶಾಲೆ ಬಿಟ್ಟ ಮೇಲೆ ಕಂಪಲಾಪುರದ ಸಮುದಾಯ ಭವನದಲ್ಲಿ ಸಂಘದ ಮೀಟಿಂಗು, ಎಲ್ಲರೂ ಬರಬೇಕು.

ಎಲ್ಲರೂ ಬಂದರು. ಸೌಟು, ಈಳಿಗೆಮಣೆ, ಜರಡಿ ಸಮೇತ ಬಂದರು. ಒಬ್ಬರು ಮನೆಯಿಂದ ದೊಡ್ಡ ಪಾತ್ರೆಯನ್ನೇ ಆಟೋದಲ್ಲಿ ಹಾಕಿಸಿಕೊಂಡು ಬಂದಿದ್ದರು. ಎಲ್ಲರಿಗಿಂತ ಹಿರಿಯರಾದ ಒಬ್ಬ ಅಜ್ಜಿ ಸೆರಗು ಸಿಕ್ಕಿಸಿಕೊಂಡು, "ಎಷ್ಟ್ ಜನಕ್ಕವ್ವ ಅಡುಗೆ?" ಅಂದರು.

"ಅಡುಗೆ ಅಲ್ಲಜ್ಜಿ, ಮೀಟಿಂಗು."

"ಅದೇ ಕಣವ್ವ. ಮೀಟಿಂಗ್ ಅಂದ್ರೆ ದೊಡ್ಡೋರು ಕೂತ್ಕತ್ತಾರೆ, ನಾವು ಬೇಯುಸ್ತೀವಿ. ಎಷ್ಟ್ ಜನ?"

ಇವತ್ತು ಕೂತುಕೊಳ್ಳುವವರು ನೀವೇ ಅಂತ ಹೇಳಿ ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿದೆ. ನಾನೇ ಟೊಂಕ ಕಟ್ಟಿ ಅವರೆಲ್ಲರಿಗೂ ಟೀ ಮಾಡಿ ಕೊಟ್ಟೆ. ಅಜ್ಜಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಕೂತ್ಕಳದ ಕಲುತ್ಕತ್ತೀವಿ ಕಣವ್ವ," ಅಂದರು. "ಟೀ ಮಾತ್ರ ನಮಗೇ ಬುಟ್ಬುಡು."

ಕೇಳಿಸಿಕೊಂಡವನು

ಕೆ.ಆರ್. ನಗರದ ಅಕ್ಕಿ ಗಿರಣಿಯೊಂದರ ಮೂಟೆ ಹೊರುವವರಿಗೆ, ಸಂಘಕ್ಕೆ ಬಾರದವರ ಜೊತೆ ಹೇಗೆ ಮಾತಾಡಬೇಕು ಅಂತ ಹೇಳಿಕೊಟ್ಟೆ. ಜಾಸ್ತಿ ಕೇಳಿ, ಕಮ್ಮಿ ಮಾತಾಡಿ, ಅಷ್ಟೇ.

ಒಬ್ಬ ಭಾರಿ ಆಳು ಇದನ್ನು ತುಂಬ ಮನಸ್ಸಿಗೆ ಹಚ್ಚಿಕೊಂಡ. ಸಂಘ ಅಂದರೆ ಉರಿದುಬೀಳುವ ಒಬ್ಬ ಹಿರಿಯ ಆ ಗಿರಣಿಯಲ್ಲಿದ್ದ. ಇವನು ಭಾನುವಾರ ಬೆಳಗ್ಗೆ ಅವನ ಮನೆಗೆ ಹೋದ. ವಾಪಸ್ ಬಂದಾಗ ಮಧ್ಯಾಹ್ನ.

"ಏನಂದ?" ಅಂತ ಕೇಳಿದೆ.

"ಪಾಪ ಕಣಕ್ಕ. ಅವರ ಎಮ್ಮೆ ಸರಿಯಾಗಿ ಮೇವು ತಿಂತಿಲ್ವಂತೆ. ಅವರ ತಮ್ಮ ಬೇಲಿ ಒತ್ತಿದ್ದಾನಂತೆ. ಮಂಡಿ ಬೇರೆ ಇಡ್ಕತ್ತದಂತೆ."

"ಸಂಘದ ವಿಷಯ?"

"ಕಮ್ಮಿ ಮಾತಾಡು ಅಂದಿದ್ರಲ್ಲ ಅಂತ ಬಾಯೇ ಬುಡ್ಲಿಲ್ಲ ಕಣಕ್ಕ."

ಸೋಮವಾರ ಆ ಹಿರಿಯನೇ ನಮ್ಮನ್ನು ಹುಡುಕಿಕೊಂಡು ಬಂದ. "ನಮ್ಮನೇಲಿ ನನ್ ಮಾತ ಐದು ನಿಮಿಷ ಯಾರೂ ಕೇಳಲ್ಲ. ಇವನು ಮೂರು ಗಂಟೆ ಕೂತು ಕೇಳವ್ನೆ. ಅದ್ಯಾವ ಸಂಘವೋ, ಎಲ್ಲಿ ಸೈನ್ ಆಕ್ಬೇಕು ಯೋಳಿ."

ಟೋಕನ್

ಎಚ್.ಡಿ. ಕೋಟೆ ಕಡೆ ಬಟ್ಟೆ ಹೊಲಿಯುವ ಒಂದು ಸಣ್ಣ ಕಾರ್ಖಾನೆ. ಅಲ್ಲಿ ಶೌಚಾಲಯಕ್ಕೆ ಹೋಗಬೇಕಾದರೆ ಗೋಡೆಯ ಮೊಳೆಯಿಂದ ಪ್ಲಾಸ್ಟಿಕ್ ಟೋಕನ್ ತೆಗೆದುಕೊಂಡು ಹೋಗಬೇಕು. ನಲವತ್ತು ಹೆಂಗಸರಿಗೆ ಒಂದೇ ಟೋಕನ್. ತಡವಾದರೆ ಬೈಗುಳ. ಬೇಡವೇ ಬೇಡ ಅಂತ ಬೆಳಗ್ಗೆಯಿಂದ ನೀರೇ ಕುಡಿಯದೆ ಕೂರುವವರಿದ್ದರು, ಅದರಿಂದ ಕಾಯಿಲೆ ಬಿದ್ದವರೂ ಇದ್ದರು.

ಮೂರು ಭಾನುವಾರ ಕೂತು ಯೋಜನೆ ಮಾಡಿದೆವು. ಮಂಗಳವಾರ ಹನ್ನೊಂದು ಗಂಟೆಗೆ ನಲವತ್ತೂ ಜನ ಎದ್ದು ಟೋಕನ್‌ಗೆ ಸಾಲು ನಿಲ್ಲುವುದು. ಯಾರೂ ಒಬ್ಬೊಬ್ಬರೇ ಮಾತಾಡಕೂಡದು, ಒಬ್ಬರೇ ಮಾತಾಡಿದರೆ ಅವರನ್ನೇ ಹಿಡಿಯುತ್ತಾರೆ. ಮುಂದಾಳು ಒಂದು, ಎರಡು, ಮೂರು ಅಂದಾಗ ಎಲ್ಲರೂ ಒಟ್ಟಿಗೆ "ಟೋಕನ್ ತೆಗೀರಿ" ಅನ್ನುವುದು. ಮುಂದಾಳಾಗಿ ಎಲ್ಲರೂ ಆರಿಸಿದ್ದು ಆರು ವರ್ಷದಿಂದ ಅಲ್ಲಿ ಕಾಲರ್ ಹೊಲಿಯುತ್ತಿದ್ದ ಒಬ್ಬ ಗಟ್ಟಿ ಹೆಂಗಸನ್ನು. ಹೊರಗಿನವಳಾದ ನನಗೆ ಒಳಗೆ ಪ್ರವೇಶ ಇಲ್ಲ, ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆ. ನಡೆದದ್ದನ್ನು ಊಟದ ಹೊತ್ತಿಗೆ ಅವರೇ ಬಂದು ಹೇಳಿದರು.

ಹನ್ನೊಂದಕ್ಕೆ ಸರಿಯಾಗಿ ಎಲ್ಲರೂ ಸಾಲು ನಿಂತರು. ಮ್ಯಾನೇಜರ್ ಓಡಿಬಂದ. "ಏನಿದು?" ಅಂದ.

ಯಾರೂ ಮಾತಾಡಲಿಲ್ಲ. ಮೂರು ಅಂದ ಮೇಲೆ ತಾನೇ ಮಾತಾಡಬೇಕಾದ್ದು? ಮೂರು ಅನ್ನಬೇಕಾದವಳೇ ಅಲ್ಲಿರಲಿಲ್ಲ. ಸಾಲಿನಲ್ಲಿ ಮೊದಲು ನಿಂತವಳು ಅವಳು, ಮೊಳೆಯ ಮೇಲೆ ಟೋಕನ್ ಇತ್ತು, ತೆಗೆದುಕೊಂಡು ಶೌಚಾಲಯದ ಒಳಗೆ ಹೋಗಿಬಿಟ್ಟಿದ್ದಳು.

ಮೂವತ್ತೊಂಬತ್ತು ಜನ ಸುಮ್ಮನೆ ಮ್ಯಾನೇಜರನ್ನು ನೋಡುತ್ತಾ ನಿಂತರು. ಅವನು ಬೈದ, ಸುಮ್ಮನಿದ್ದರು. ಮನೆಗೆ ಕಳಿಸ್ತೀನಿ ಅಂದ, ಸುಮ್ಮನಿದ್ದರು. ಕೂಗಾಡಿದ್ದರೆ ಅವನಿಗೂ ಏನು ಮಾಡಬೇಕು ಅಂತ ಗೊತ್ತಾಗುತ್ತಿತ್ತೋ ಏನೋ. ಈ ಮೌನಕ್ಕೆ ಬೆವರಿಬಿಟ್ಟ.

"ಸರಿ, ಇನ್ನೊಂದು ಟೋಕನ್ ಮಾಡಿಸ್ತೀನಿ."

ಯಾರೂ ಅಲುಗಲಿಲ್ಲ.

"ಐದು ಮಾಡಿಸ್ತೀನಿ."

ಊಹೂಂ.

"ಏನ್ರವ್ವ ನಿಮ್ ಕಾಟ," ಅಂತ ಮೊಳೆಯನ್ನೇ ಗೋಡೆಯಿಂದ ಕಿತ್ತು ಬಿಸಾಕಿದ. "ಟೋಕನ್ನೇ ಬೇಡ. ಯಾವಾಗ ಬೇಕೋ ಆವಾಗ ಹೋಗಿ. ಸಾಕಾ?"

ಆಗ ಮುಂದಾಳು ಸೀರೆ ಸರಿಮಾಡಿಕೊಂಡು ಹೊರಗೆ ಬಂದಳು. ಎಲ್ಲರೂ ನಿಂತಿದ್ದಾರೆ, ಮ್ಯಾನೇಜರ್ ಎದುರಿಗಿದ್ದಾನೆ, ಯೋಜನೆ ಸರಿಯಾಗಿ ನಡೆಯುತ್ತಿದೆ ಅಂದುಕೊಂಡು ಗಟ್ಟಿಯಾಗಿ, "ಒಂದು, ಎರಡು, ಮೂರು" ಅಂದಳು. ಅಷ್ಟು ಹೊತ್ತು ಬಾಯಿ ಬಿಗಿಹಿಡಿದಿದ್ದ ಮೂವತ್ತೊಂಬತ್ತು ಜನ ಶೆಡ್ಡು ನಡುಗುವ ಹಾಗೆ, "ಟೋಕನ್ ತೆಗೀರಿ" ಅಂದರು.

"ತೆಗ್ದಾಯ್ತಲ್ಲ ತಾಯಿ," ಅಂದ ಮ್ಯಾನೇಜರ್, ಅಳುವ ದನಿಯಲ್ಲಿ.

ಟೀ ಅಂಗಡಿಯಲ್ಲಿ ಇದನ್ನೆಲ್ಲ ಕೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡು ಆ ಮುಂದಾಳನ್ನು ಕೇಳಿದೆ: "ಅಲ್ಲ ಕಣೆ, ಇಷ್ಟು ದೊಡ್ಡ ಹೋರಾಟ ಹೊರಗೆ ನಡೀತಿದ್ರೆ ಅಷ್ಟೊತ್ತು ಒಳಗೇನ್ ಮಾಡ್ತಿದ್ದೆ?"

"ಏನ್ಮಾಡ್ಲಿ ಅಕ್ಕ," ಅಂದಳು. "ಆರು ವರ್ಷದಲ್ಲಿ ಇವತ್ತೊಂದಿನ ಯಾರೂ ಬಾಗ್ಲು ತಟ್ಲಿಲ್ಲ. ಆರಾಮಾಗಿ ಕೂತ್ಬುಟ್ಟೆ."