ಕಂಪನಿಯನ್ನು ಸೋಲಿಸಿದ ಕಷಾಯ

ತಿಮ್ಮಯ್ಯನವರು ಮಾತ್ರೆ ಬಿಟ್ಟದ್ದು ಒಬ್ಬ ಟೈ ಕಟ್ಟಿದವನಿಂದ. ಹುಣಸೂರಿನ ಡಾಕ್ಟರ ಷಾಪಿನಲ್ಲಿ (ನಮ್ಮ ಕಡೆ ಕ್ಲಿನಿಕ್ಕಿಗೆ ಷಾಪು ಎಂದೇ ಹೇಳುವುದು, ಆ ಹೆಸರಿಟ್ಟವರಿಗೆ ಆಗಲೇ ಎಲ್ಲ ಗೊತ್ತಿತ್ತೋ ಏನೋ) ಅವರು ಬೆಳಗಿನಿಂದ ತಲೆನೋವು ಹೊತ್ತು ಬೆಂಚಿನ ಮೇಲೆ ಕೂತಿದ್ದರು. ಟೈ ಕಟ್ಟಿದ ಮನುಷ್ಯ ಕೂತವರನ್ನೆಲ್ಲ ದಾಟಿಕೊಂಡು, ಬ್ಯಾಗು ಹಿಡಿದು ಸೀದಾ ಒಳಗೆ ಹೋದ. ಹೊರಗೆ ಬರುವಾಗ ನಗುತ್ತಿದ್ದ. ತಮ್ಮ ಸರದಿ ಬಂದು ಇವರು ಒಳಗೆ ಹೋದಾಗ ಡಾಕ್ಟರೂ ನಗುತ್ತಿದ್ದರು. ಮೇಜಿನ ಮೇಲೆ ಹೊಸ ಗಡಿಯಾರವೊಂದು ಕೂತಿತ್ತು, ಅದರ ಹೊಟ್ಟೆಯ ಮೇಲೆ ಮಾತ್ರೆಯೊಂದರ ಹೆಸರಿತ್ತು. ಡಾಕ್ಟರು ಆ ಗಡಿಯಾರವನ್ನೇ ನೋಡಿಕೊಂಡು ನಾಡಿ ಹಿಡಿದರು, ಪ್ರೆಷರ್ ಜಾಸ್ತಿ ಇದೆ ಎಂದರು, ಹೊಸ ಮಾತ್ರೆ ಬರೆದರು. ಚೀಟಿ ಓದಿ ನೋಡಿದರೆ ಗಡಿಯಾರದ ಮೇಲಿದ್ದ ಹೆಸರೇ.

ಹೊಗೆಸೊಪ್ಪು ಬೆಳೆದೇ ತಲೆ ನರೆಸಿಕೊಂಡ ತಿಮ್ಮಯ್ಯನವರಿಗೆ ಕಂಪನಿ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹೆಂಡತಿಯ ಮುಂದೆ ಶುರು ಮಾಡಿದರು.

"ಹರಾಜಲ್ಲಿ ಕಂಡಿಲ್ವಾ ಕಣಮ್ಮಿ ನಾನು? ಸೊಪ್ಪು ಕೊಳ್ಳೋ ಕಂಪ್ನಿಯೋರು ಹೊರಗಡೆ ಒಂದೇ ಬೆಂಚ್ನಾಗೆ ಕೂತ್ಕಂಡು ಟೀ ಕುಡೀತಾರೆ. ಒಳಿಕ್ಕೆ ಬಂದು ಒಬ್ರಿಗೊಬ್ರು ಆಗ್ದೋರಂಗೆ ರೇಟು ಕೂಗ್ತಾರೆ. ಮಾತ್ರೆ ಕಂಪ್ನಿಯೋರು ಬೇರೆ ತಾಯಿ ಒಟ್ಟೇಲಿ ಉಟ್ಟವ್ರಾ?"

"ಅದು ಬ್ಯಾಡ ಬುಡಿ. ಆಶಾ ಕೆಲ್ಸದ ಸುಕನ್ಯ ತಂದ್ಕೊಡೋ ಸರ್ಕಾರದ್ದನ್ನೇ ಮೊದ್ಲಿನಂಗೆ ನುಂಗಿ. ನಾನೂ ಅದನ್ನೇ ಅಲ್ವಾ ನುಂಗ್ತಿರಾದು," ಎಂದಳು ಸುನಂದಮ್ಮ.

"ಸರ್ಕಾರ ಏನು ಮರದಿಂದ ಕಿತ್ತು ತತ್ತದಾ? ಅದೂ ಕಂಪ್ನೀದೇ. ಪುಕ್ಸಟ್ಟೆ ಬೇರೆ. ಪುಕ್ಸಟ್ಟೆ ಅಂದ್ರೆ ಇನ್ನೂ ಮೋಸ ಕಣೆ."

ನಿಜ ಹೇಳಬೇಕೆಂದರೆ ಅವರ ಮಾತಿನಲ್ಲಿ ಪೂರಾ ಸುಳ್ಳೇನೂ ಇರಲಿಲ್ಲ, ಕಷ್ಟವಿದ್ದದ್ದೇ ಅಲ್ಲಿ. ಸುಳ್ಳು ಹೇಳುವ ಗಂಡನನ್ನು ಹೇಗೋ ಸಂಭಾಳಿಸಬಹುದು. ನಿಜದ ಒಂದು ತುದಿಯನ್ನು ಹಿಡಿದು ಜಗ್ಗಾಡುವ ಗಂಡನಿಗೆ ಯಾವ ಹೆಂಗಸು ಏನು ಹೇಳಬೇಕು? ಸುನಂದಮ್ಮನಿಗೆ ಗಡಿಯಾರದ ಕಥೆ ಕೇಳಿ ಸಿಟ್ಟು ಬಂದದ್ದೂ ಹೌದು. ಆದರೆ ಹಿಂದಿನ ವರ್ಷ ಬ್ಯಾರನ್ನಿನಲ್ಲಿ (ಸೊಪ್ಪನ್ನು ಬೆಂಕಿಯ ಕಾವಿಗೆ ಒಣಗಿಸುವ ಮನೆ ಅದು) ಸೊಪ್ಪು ಬೇಯುತ್ತಿದ್ದಾಗ, ಒಲೆಬಾಯಿಗೆ ಸೌದೆ ನೂಕುತ್ತಿದ್ದ ಇದೇ ಗಂಡ ಕಣ್ಣು ಕತ್ತಲಿಟ್ಟು ಬೆಂಕಿಯ ಮುಂದೆ ಬಿದ್ದದ್ದು, ತಾನು ಎರಡೂ ಕಾಲು ಹಿಡಿದು ಎಳೆದದ್ದು ಅವಳಿಗೆ ಮರೆತಿರಲಿಲ್ಲ. ಸರ್ಕಾರದ ಮಾತ್ರೆ ಶುರುವಾದ ಮೇಲೆ ಅವರು ಬಿದ್ದಿರಲಿಲ್ಲ. ಕಂಪನಿ ಕಳ್ಳನೇ ಇರಬಹುದು, ಗಂಡ ಮಾತ್ರ ಒಬ್ಬನೇ ಇದ್ದದ್ದು.

ಆಶಾ ಕಾರ್ಯಕರ್ತೆ ಸುಕನ್ಯ ತಿಂಗಳ ಮಾತ್ರೆ ಹಂಚಲು ಬಂದ ದಿನ ತಿಮ್ಮಯ್ಯನವರು ಜಗಲಿಯ ಮೇಲೆ ನಿಂತು, ಬೀದಿಗೆಲ್ಲ ಕೇಳುವಂತೆ ಘೋಷಣೆ ಹೊರಡಿಸಿದರು.

"ನನ್ನ ಎಸ್ರು ಒಡೆದಾಕವ್ವ. ಇವತ್ತಿಂದ ನನ್ನ ಆರೋಗ್ಯ ನನ್ನ ಕೈಯಾಗೆ."

ಆರೋಗ್ಯ ಅವರದು, ಸರಿ. ಕೈ ಮಾತ್ರ ಸುನಂದಮ್ಮನದಾಯಿತು. ಅಮೃತಬಳ್ಳಿ ಕಿತ್ತು ತರುವುದು, ನೆಲಬೇವು ಜಜ್ಜುವುದು, ಹಾಗಲಕಾಯಿ ಹಿಂಡುವುದು, ಮೆಂತ್ಯ ನೆನೆಹಾಕುವುದು, ಬೆಳ್ಳುಳ್ಳಿ ಸುಲಿಯುವುದು, ಎಲ್ಲವನ್ನೂ ಮಣ್ಣಿನ ಮಡಕೆಯಲ್ಲೇ ಕುದಿಸುವುದು (ಪಾತ್ರೆಯೂ ಕಂಪನಿಯದೇ ಅಲ್ಲವೇ). ತಿಮ್ಮಯ್ಯನವರು ಮೊಬೈಲಿನಲ್ಲಿ ಶಾಲು ಹೊದ್ದ ಪಂಡಿತರೊಬ್ಬರ ವಿಡಿಯೋ ಹಾಕಿಕೊಂಡು, ಗೋಡೆಗೆ ಒರಗಿ, ಒಂದು ಹಿಡಿ ಎಂದರೆ ಯಾರ ಹಿಡಿ ಎಂದು ತೀರ್ಪು ಕೊಡುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನೂ ಕಂಪನಿಯವನೇ ಇರಬೇಕೆಂದು ಅವರ ಅನುಮಾನ. ಸುನಂದಮ್ಮನ ಅಂಗೈ ಮೊದಲೇ ಹೊಗೆಸೊಪ್ಪಿನ ಅಂಟಿನಿಂದ ಕಪ್ಪಗಿತ್ತು, ಈಗ ಅದರ ಮೇಲೆ ಹಸಿರು ಬಂತು.

ವಾರ ಕಳೆಯುವುದರೊಳಗೆ ಗಂಡನ ಕಣ್ಣು ಕೆಂಪಾಯಿತು. ಅನ್ನ ಬಿಸಿ ಎಂದು ಬೈದರು, ಆರಿದೆ ಎಂದು ಬೈದರು. ಸೌದೆ ಎತ್ತಿದವರು ಗೋಡೆ ಹಿಡಿದು ನಿಂತರು.

"ತಲೆ ತಿರುಗ್ತಾ?"

"ವಿಷ ಈಚೆಗೆ ಬತ್ತಾ ಅದೆ. ಅಂಗೇ ಆಯ್ತದಂತೆ, ವಿಡಿಯೋದಾಗೆ ಹೇಳವ್ರೆ."

ಮರುದಿನ ಸುನಂದಮ್ಮ ತನ್ನ ಮಾತ್ರೆಯನ್ನು ಅರ್ಧ ಮಾಡಿ, ಒಂದು ಚೂರನ್ನು ಕುಟ್ಟಾಣಿಯಲ್ಲಿ ಪುಡಿ ಮಾಡಿ ಕಷಾಯಕ್ಕೆ ಹಾಕಿ ಕಲಕಿದಳು. ಕುಡಿದವರಿಗೆ ಏನೂ ತಿಳಿಯಲಿಲ್ಲ. ಆ ಕಷಾಯದೊಳಗೆ ಬೇವಿನ ಮರವನ್ನೇ ಅದ್ದಿದ್ದರೂ ತಿಳಿಯುತ್ತಿರಲಿಲ್ಲ.

ಸುಕನ್ಯಳನ್ನು ಗುಟ್ಟಾಗಿ ಇನ್ನೊಂದು ಪಟ್ಟಿ ಮಾತ್ರೆ ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸುಕನ್ಯ ತಿಮ್ಮಯ್ಯನವರ ಅಣ್ಣನ ಸೊಸೆ, ಒಳ್ಳೆಯವಳು, ಆದರೆ ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಹುಣಸೂರಿನ ಔಷಧಿ ಅಂಗಡಿಗೆ ಸುನಂದಮ್ಮ ಒಬ್ಬಳೇ ಹೋಗುವ ಪೈಕಿಯಲ್ಲ. ಹಾಗಾಗಿ ಇದ್ದದ್ದರಲ್ಲೇ ಹಂಚಬೇಕಾಯಿತು, ಹಂಚುವ ವಿದ್ಯೆಯೊಂದನ್ನು ಅವಳಿಗೆ ಚೆನ್ನಾಗಿ ಕಲಿಸಿದ್ದರು. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ತಿಮ್ಮಮ್ಮ ಹೇಳಿದ್ದಳು, "ಗಂಡುಸ್ರಿಗೆ ಇಕ್ಕಿ ಮಿಕ್ಕಿದ್ರೆ ಉಣ್ಣು. ಮಿಕ್ಕದೆ ಇದ್ರೆ ನೀರು ಕುಡ್ದು ಮನಿಕ್ಕೊ." ಮುದ್ದೆಯಲ್ಲಿ, ಸಾರಿನ ಚೂರಿನಲ್ಲಿ, ಹಾಲಿನ ಕೆನೆಯಲ್ಲಿ ಸುನಂದಮ್ಮ ಈ ಕಾನೂನನ್ನು ಒಂದು ದಿನವೂ ಮುರಿದವಳಲ್ಲ. ಅದು ಮಾತ್ರೆಗೂ ಅನ್ವಯಿಸುತ್ತದೋ ಇಲ್ಲವೋ ಅತ್ತೆ ಹೇಳಿ ಹೋಗಿರಲಿಲ್ಲ.

ಅರ್ಧ ಮಾತ್ರೆಗೆ ಗಂಡನ ಕಣ್ಣಿನ ಕೆಂಪು ಅರ್ಧವೇ ಇಳಿಯಿತು. ಸುನಂದಮ್ಮ ಒಂದು ಬೆಳಿಗ್ಗೆ ತನ್ನ ಪಾಲಿನ ಚೂರನ್ನೂ ಕುಟ್ಟಾಣಿಗೆ ಹಾಕಿದಳು. ಆಮೇಲೆ ಅದೇ ರೂಢಿಯಾಯಿತು. ಅವಳು ನೀರು ಕುಡಿದು ಸುಮ್ಮನಾದಳು.

ಮುಂದೆ ನಡೆದದ್ದು ತಿಮ್ಮಯ್ಯನವರ ದಿಗ್ವಿಜಯ. ಆರೋಗ್ಯ ಕೇಂದ್ರಕ್ಕೆ ಹೋಗಿ ತೋಳು ಚಾಚಿದರೆ ಪ್ರೆಷರು ಹದಿನೆಂಟರ ಹುಡುಗನದರಂತಿತ್ತು. ಅಣ್ಣನ ಮಗ ಯತೀಶ ಮಡಕೆಯ ಪಕ್ಕ ಅವರನ್ನು ನಿಲ್ಲಿಸಿ ವಿಡಿಯೋ ಮಾಡಿದ. "ಕಂಪ್ನಿಯೋರೆ, ತಾಕತ್ತಿದ್ರೆ ಬನ್ನಿ ನಮ್ಮ ಅಟ್ಟೀಗೆ" ಎಂದು ಅದರಲ್ಲಿ ತಿಮ್ಮಯ್ಯನವರು ಸವಾಲು ಹಾಕಿದ್ದರು. ಅದು ಪಿರಿಯಾಪಟ್ಟಣ, ಕೆ.ಆರ್. ನಗರ ದಾಟಿ ಎಚ್.ಡಿ. ಕೋಟೆಯವರೆಗೂ ಓಡಾಡಿತು. ಕಂಪನಿಯವರು ಬರಲಿಲ್ಲ, ನೆಂಟರು ಬಂದರು, ನೆಂಟರ ನೆಂಟರು ಬಂದರು. ಎಲ್ಲರಿಗೂ ಕಷಾಯದ ರುಚಿ ತೋರಿಸಬೇಕು, ಆ ಕಹಿ ಹೋಗಲು ಕಾಫಿ ಕೊಡಬೇಕು. ಸುನಂದಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ಹಿಂಗತ್ತು ಹಿಡಿಯುತ್ತಿತ್ತು, ಕಣ್ಣ ಮುಂದೆ ಮಿಂಚುಹುಳ ಹಾರುತ್ತಿದ್ದವು. ಬೇಸಿಗೆಯ ಕಾವು ಎಂದುಕೊಂಡಳು. ಮಳೆ ಹಿಡಿದ ಮೇಲೂ ಬೇಸಿಗೆಯ ಕಾವು ಎಂದುಕೊಂಡಳು.

ಸೊಪ್ಪು ಮುರಿಯುವ ಕಾಲ ಬಂತು. ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದ ಸುನಂದಮ್ಮ, ಹಸಿ ಸೊಪ್ಪಿನ ರಾಶಿಯ ಮೇಲೆ ಹಾಗೇ ಒರಗಿದಳು. ಜೊತೆಗಿದ್ದವರು ಸುಸ್ತಾಗಿ ಮಲಗಿದಳೆಂದುಕೊಂಡರು. ಅವಳು ಹಗಲು ಮಲಗುವುದುಂಟೇ ಎಂದು ಯಾರಿಗೋ ಹೊಳೆದ ಮೇಲೆ ಗಾಬರಿಯಾಗಿ ಆಟೋ ತರಿಸಿದರು.

ಹುಣಸೂರಿನ ಆಸ್ಪತ್ರೆಯ ಡಾಕ್ಟರಮ್ಮ ಪ್ರೆಷರ್ ನೋಡಿ ಹುಬ್ಬೇರಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಕಾಲು ಬಿದ್ದುಹೋಗುತ್ತಿತ್ತು ಎಂದರು. "ಮಾತ್ರೆ ದಿನಾ ತಗೋತಿದ್ರಾ?"

ಸುನಂದಮ್ಮ ಬಾಯಿ ತೆರೆಯುವಷ್ಟರಲ್ಲಿ ಗಂಡ ಉತ್ತರ ಕೊಟ್ಟಾಗಿತ್ತು.

"ಒಂದಿನಾನೂ ತಪ್ಸಿಲ್ಲ ಡಾಕ್ಟ್ರಮ್ಮ, ನಾನೇ ಸಾಕ್ಷಿ. ಬ್ಯಾಡ ಬ್ಯಾಡ ಅಂದ್ರೂ ನುಂಗ್ತಾ ಅವ್ಳೆ. ನುಂಗಿದ್ರ ಫಲ ನೀವೇ ನೋಡಿ. ಈಗ ನಂದು ನೋಡಿ, ನಾನು ಬುಟ್ಟು ಆರು ತಿಂಗ್ಳಾಯ್ತು."

ಆ ಡಾಕ್ಟರಮ್ಮನ ಮೇಜಿನ ಮೇಲೆ ಗಡಿಯಾರವಿರಲಿಲ್ಲ, ಬೇರೆ ಕೆಲಸ ಬೇಕಾದಷ್ಟಿತ್ತು. ಆದರೂ ತಿಮ್ಮಯ್ಯನವರ ಕಾಟ ತಾಳಲಾರದೆ ತೋಳಿಗೆ ಪಟ್ಟಿ ಕಟ್ಟಿ ನೋಡಿದರು. ನೋಡಿ, ಇನ್ನೊಮ್ಮೆ ನೋಡಿ, ಸರಿಯಾಗೇ ಇದೆ ಎಂದು ಒಪ್ಪಿಕೊಂಡರು. ಆಮೇಲೆ ಸುನಂದಮ್ಮನ ಚೀಟಿಯಲ್ಲಿ, ದಿನಾ ನುಂಗಿದರೂ ಇಳಿಯುತ್ತಿಲ್ಲವೆಂದರೆ ಇದು ಸಾಲದೆಂದು, ಜೋರಿನ ಮಾತ್ರೆ ಬರೆದು ಹೋದರು.

"ಕಂಡ್ಯಾ?" ಎಂದರು ತಿಮ್ಮಯ್ಯನವರು. "ಇಂಗೇ ಕಣಮ್ಮಿ ಯಾಪಾರ ಬೆಳ್ಸಾದು."

ಪಕ್ಕದ ಮಂಚದ ಮುದುಕಿ ಚಿಕ್ಕಬೀರಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೈಯಲ್ಲಿದ್ದ ತನ್ನ ಮಾತ್ರೆಯನ್ನು ನೋಡಿದಳು, ತಿಮ್ಮಯ್ಯನವರ ಗಟ್ಟಿಮುಟ್ಟಾದ ತೋಳನ್ನು ನೋಡಿದಳು.

"ಅಪ್ಪಯ್ಯ, ಆ ಕಸಾಯ ನಂಗೂ ಹೇಳ್ಕೊಡಪ್ಪ. ಇವನ್ನ ನುಂಗಿ ನುಂಗಿ ಸಾಕಾಗದೆ."

ಮನೆಯ ಗುಟ್ಟು ಮನೆಯಲ್ಲೇ ಇದ್ದಷ್ಟು ದಿನ ಅದು ಸಂಸಾರ, ಇನ್ನೊಬ್ಬಳ ಜೀವಕ್ಕೆ ಕೈ ಹಾಕಿದರೆ ಪಾಪ. ಸುನಂದಮ್ಮ ಕಷ್ಟಪಟ್ಟು ಎದ್ದು ಕೂತಳು.

"ಬ್ಯಾಡ ಕಣಜ್ಜಿ. ಅದ್ರೊಳಗೆ ನನ್ನ ಮಾತ್ರೆ ಅದೆ. ದಿನಾ ಕುಟ್ಟಿ ಹಾಕ್ತಿದ್ದೆ, ನಾನು ನುಂಗ್ತಿರ್ಲಿಲ್ಲ."

ಮುದುಕಿ ತಿಮ್ಮಯ್ಯನವರ ಮುಖ ನೋಡಿದಳು. ಅವರ ಮುಖದಲ್ಲಿ ಒಂದು ಗಳಿಗೆ ಏನೋ ಕದಲಿತು, ಸುನಂದಮ್ಮ ಅದನ್ನು ಕಂಡಳು. ಆಮೇಲೆ ಅವರು ಅವಳ ಹೆಗಲು ಹಿಡಿದು ಮೆಲ್ಲಗೆ ಮಲಗಿಸಿದರು.

"ಪ್ರೆಷರು ತಲೆಗೆ ಏರದೆ ಅಜ್ಜಿ. ಏನೇನೋ ಅಂತಾಳೆ, ತಪ್ಪು ತಿಳ್ಕಬ್ಯಾಡಿ. ಮನಿಕ್ಕಳಮ್ಮಿ."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ಹೆಂಡತಿಯ ಜೊತೆ ಅಷ್ಟು ಮೃದುವಾಗಿ ಮಾತಾಡಿದ್ದು ಅದೇ ಮೊದಲು, ಅದೂ ಅವಳು ನಿಜ ಹೇಳಿದ್ದಕ್ಕೆ. ಅಜ್ಜಿ ಮಾತ್ರ ಗಂಡ ಹೆಂಡಿರನ್ನು ಬದಲಿಸಿ ಬದಲಿಸಿ ನೋಡಿ, ಸುಮ್ಮನೆ ತನ್ನ ಮಾತ್ರೆ ನುಂಗಿದಳು. ಅಷ್ಟರಮಟ್ಟಿಗೆ ಸುನಂದಮ್ಮನ ಮಾತು ಗೆದ್ದಿತು.

ಎರಡು ದಿನ ಬಿಟ್ಟು ಬೆಳಿಗ್ಗೆ ತಿಮ್ಮಯ್ಯನವರು ಫ್ಲಾಸ್ಕು ಹಿಡಿದು ಬಂದರು. ತಾವೇ ಒಲೆ ಹಚ್ಚಿ ಕಷಾಯ ಕಾಯಿಸಿದ್ದರು. ಕಿರುಬೆರಳು ಸುಟ್ಟಿತ್ತು, ಅಂಗಿಗೆ ಮಸಿ ಹತ್ತಿತ್ತು. ಒಂದು ಲೋಟ ಅವಳಿಗೆ ಬಗ್ಗಿಸಿ ಊದಿ ಊದಿ ಆರಿಸಿಟ್ಟರು, ಇನ್ನೊಂದು ಲೋಟ ತಮಗೆ ಬಗ್ಗಿಸಿಕೊಂಡರು. ಬಗ್ಗಿಸುವಾಗ ಲೋಟದ ಬಾಯಿ ತಪ್ಪಿ ಮೇಜಿನ ಮೇಲೆ ಚೆಲ್ಲಿತು. ಸುನಂದಮ್ಮ ಅವರ ಕಣ್ಣು ನೋಡಿದಳು. ಕೆಂಡದಂತೆ ಕೆಂಪಗಿತ್ತು.

"ತಲೆ ತಿರುಗ್ತಾ?"

"ಆಸ್ಪತ್ರೆ ವಾಸ್ನೆಗೆ ಕಣೆ," ಎಂದು ಹೇಳಿ ಅವರು ಮೇಜು ಒರೆಸಲು ಬಟ್ಟೆ ಹುಡುಕುತ್ತಾ ಆ ಕಡೆ ತಿರುಗಿದರು. "ಇವತ್ತು ಬ್ಯಾರನ್ಗೆ ಬೆಂಕಿ ಹಾಕ್ಬೇಕು. ನಾನೊಬ್ನೇ ಅವ್ನಿ."

ನರ್ಸು ಕೊಟ್ಟುಹೋದ ಜೋರಿನ ಮಾತ್ರೆ ಸುನಂದಮ್ಮನ ಅಂಗೈಯಲ್ಲೇ ಇತ್ತು. ತಾನು ಬಿದ್ದರೆ ಇಲ್ಲಿ ಮಂಚವಿದೆ, ನರ್ಸಿದ್ದಾಳೆ, ಕರೆದರೆ ಓಡಿ ಬರುವ ಡಾಕ್ಟರಮ್ಮ ಇದ್ದಾರೆ. ಅವರು ಬಿದ್ದರೆ ಒಲೆಬಾಯಿ, ಕಾಲು ಹಿಡಿದು ಎಳೆಯಲು ಯಾರೂ ಇಲ್ಲ. ಇಷ್ಟನ್ನು ಅವಳು ಕೂತು ಯೋಚಿಸಿದಳು ಎಂದರೆ ಸುಳ್ಳಾದೀತು. ಯೋಚನೆ ಮುಗಿಯುವ ಮೊದಲೇ ಮಾತ್ರೆ ಬೆರಳ ನಡುವೆ ಪುಡಿಯಾಗಿ ಅವರ ಲೋಟದೊಳಗೆ ಇತ್ತು, ಅವಳು ಚಮಚ ಆಡಿಸುತ್ತಿದ್ದಳು.

ತಿಮ್ಮಯ್ಯನವರು ಒಂದೇ ಉಸಿರಿಗೆ ಕುಡಿದು ಮೂತಿ ಒರೆಸಿಕೊಂಡರು. "ನಾನೇ ಕಾಯಿಸಿದ್ರೂವೆ ನೀನು ಮಾಡಿದಂಗೇ ಅದೆ ನೋಡು," ಎಂದರು. ಸುನಂದಮ್ಮ ತನ್ನ ಲೋಟವನ್ನೂ ಖಾಲಿ ಮಾಡಿದಳು. ಗಂಡ ಕೈಯಾರೆ ಮಾಡಿಕೊಟ್ಟದ್ದು, ಚೆಲ್ಲಲು ಮನಸ್ಸು ಬರಲಿಲ್ಲ.

ಸಾಯಂಕಾಲ ಡಾಕ್ಟರಮ್ಮ ಬಂದು ಪ್ರೆಷರ್ ನೋಡಿದರು. ಇಳಿದದ್ದು ಮತ್ತೆ ಏರಿ ಕೂತಿತ್ತು. ಬೇಸರದಿಂದ ತಲೆಯಾಡಿಸಿ ಚೀಟಿ ತಿದ್ದಿದರು.

"ಒಂದಕ್ಕೆ ಬಗ್ಗಲ್ಲ ಇದು. ಇನ್ಮೇಲೆ ಇದೇ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಮನೆಗೆ ಹೋದ್ಮೇಲೂ ಬಿಡೋ ಹಾಗಿಲ್ಲ, ಗೊತ್ತಾಯ್ತಾ?"

ಸುನಂದಮ್ಮ ಎರಡೂ ಕೈ ಜೋಡಿಸಿದಳು. ಆರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು. ಇನ್ನು ಅವರಿಗೊಂದು ಹಾಕಿದರೂ ತನಗೊಂದು ಮಿಗುತ್ತದೆ.