ಎರಡು ದಿನದ ತಿಳಿನೀರು

ನಲವತ್ತು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನ ಕೈಗೆ ನಿವೃತ್ತಿಯ ಆದೇಶ ಓದಲು ಬರುವುದಿಲ್ಲ. ಸೀಸೆ ಎತ್ತಿದರೆ ಸಾಕು, ಕುಲುಕುತ್ತದೆ. ನಾನು ಕುಲುಕಿದ ಔಷಧಿಯನ್ನೆಲ್ಲ ಒಂದೆಡೆ ಸುರಿದಿದ್ದರೆ ಹಡಗು ತೇಲುತ್ತಿತ್ತು. (ರೋಗಿಗಳು ತೇಲಿದರೋ ಮುಳುಗಿದರೋ, ಅದು ಡಾಕ್ಟರ ಇಲಾಖೆ.)

ಮೊನ್ನೆ ಬೀದಿಯ ಕೊಳವೆ ಒಡೆದು ನಲ್ಲಿಯಲ್ಲಿ ಕೆಮ್ಮಣ್ಣು ಬರತೊಡಗಿತು. ನನ್ನಾಕೆ ಒಂದು ಕ್ಯಾನ್ ನೀರು ಹಿಡಿದು, ಪಟಿಕ ಉಜ್ಜಿ, ಎರಡು ದಿನ ಅಲುಗಿಸದೆ ಇಟ್ಟಳು. ಆ ಎರಡು ದಿನ ಇರುವೆಗಳೂ ಹಿಂದಿನ ಗೋಡೆ ಸುತ್ತಿಕೊಂಡೇ ಹೋದವು. ಮಣ್ಣು ತಳಕ್ಕಿಳಿದು ನೀರು ಕನ್ನಡಿಯಾಯಿತು. ತಕ್ಷಣ ತನ್ನ ಅಣ್ಣನ ಹೆಂಡತಿಗೆ ಫೋನ್ ಮಾಡಿದಳು.

"ಅತ್ತಿಗೆ, ನಿಮ್ಮನೇಲಿ ನೀರು ಸೋಸೋ ಯಂತ್ರ ಇದೆ ಅಂತಿದ್ರಲ್ಲ? ಬಂದು ನಮ್ಮನೆ ನೀರು ನೋಡಿ!"

ಮೂವತ್ತು ವರ್ಷದಲ್ಲಿ ಅವಳು ಅತ್ತಿಗೆಯನ್ನು ಗೆಲ್ಲಲಿದ್ದ ಮೊದಲ ದಿನ ಅದು.

ಅತ್ತಿಗೆ ಬಂದರು. "ರೀ, ಎರಡು ಲೋಟ ನೀರು ತನ್ನಿ. ನಿಧಾನ!" ಎಂದು ನನ್ನಾಕೆ ಕೂಗಿದಳು.

ಕ್ಯಾನನ್ನು ನಿಧಾನವಾಗಿಯೇ ಎತ್ತಿದೆ. ನಿಧಾನವಾಗಿಯೇ ಮೂರು ಸಲ ಕುಲುಕಿದೆ. ಆಮೇಲೆ ಬಗ್ಗಿಸಿದೆ.

ಲೋಟ ನೋಡಿ ಅತ್ತಿಗೆ, "ಅಯ್ಯೋ, ಟೀ ಯಾಕೆ ಮಾಡೋಕೆ ಹೋದ್ರಿ ಅಣ್ಣಾ?" ಎಂದರು.

ಇಂಥ ಹೊತ್ತಿನಲ್ಲಿ ಗಂಡಸನ್ನು ಕಾಪಾಡುವುದು ವಿಜ್ಞಾನವೊಂದೇ. "ನೋಡಮ್ಮ, ಸಕ್ಕರೆ ನೀರಲ್ಲಿ ಕರಗತ್ತೆ, ಅದು ದ್ರಾವಣ. ವರ್ಷ ಇಟ್ರೂ ತಳ ಕಟ್ಟಲ್ಲ. ಹಾಲು ಕಲಿಲ. ಅದರ ಕಣ ಕರಗೋದೂ ಇಲ್ಲ, ತಳಕ್ಕೆ ಕೂರೋದೂ ಇಲ್ಲ. ಇದು ನಿಲಂಬನ. ಮಣ್ಣು ಸುಮ್ನೆ ತೇಲ್ತಿದೆ, ಬಿಟ್ರೆ ಕೂರತ್ತೆ."

"ಎಷ್ಟೊತ್ತಿಗೆ?"

"ಎರಡು ದಿನ."

"ನೀವು ಮೊದ್ಲು ಕೂತ್ಕೊಳ್ಳಿ," ಎಂದಳು ನನ್ನಾಕೆ.

ಅತ್ತಿಗೆ ಚೀಲದಿಂದ ಖಾಲಿ ಕ್ಯಾನ್ ತೆಗೆದರು. "ನಮ್ಮ ಯಂತ್ರ ಮಣ್ಣು ಕುಡಿದು ಕೆಟ್ಟು ಕೂತಿದೆ ಕಣೇ. ನಿಮ್ಮನೆ ನೀರೇ ಒಯ್ಯೋಣ ಅಂತ ಬಂದೆ."

ನನ್ನಾಕೆ ಗೆದ್ದಿದ್ದಳು. ಕೊಡಲು ನೀರಿರಲಿಲ್ಲ, ಅಷ್ಟೆ. ಮೂವತ್ತು ವರ್ಷ ಎಣ್ಣೆ-ನೀರಿನಂತಿದ್ದವರು ನನ್ನ ಮುಖ ನೋಡಿದ ಕ್ಷಣದಲ್ಲೇ ದ್ರಾವಣವಾದರು. ತೀರ್ಪು ಹೊರಬಿತ್ತು: ನಾನು ಎರಡು ಕ್ಯಾನ್ ತುಂಬಿಸಿ, ತಿಳಿಯಾಗುವವರೆಗೆ ಅವುಗಳ ಮುಂದೆ ಕೂರಬೇಕು, ಈ ಮನೆಯಲ್ಲಿ ಇನ್ನು ಏನನ್ನೂ ಕುಲುಕಕೂಡದು. ಕಾವಲಿಗೆ ಅತ್ತಿಗೆಯೂ ಉಳಿದರು.

ಸಂಜೆ ನನಗೆ ಕೆಮ್ಮು ಹತ್ತಿತು. ಔಷಧಿ ಸೀಸೆ ತೆಗೆದೆ. ಮದ್ದೆಲ್ಲ ತಳದಲ್ಲಿ ಕೂತಿತ್ತು. ಚೀಟಿಯ ಮೇಲೆ ನನ್ನದೇ ಅಕ್ಷರ: 'ಕುಡಿಯುವ ಮುನ್ನ ಚೆನ್ನಾಗಿ ಕುಲುಕಿ.'

ಇಬ್ಬರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಮೇಲಿನ ತಿಳಿನೀರನ್ನು ಎರಡು ಚಮಚ ಕುಡಿದು, ಕೆಮ್ಮಲು ಬೀದಿಗೆ ಹೋದೆ.